ಹಾಲಿನ ಸ್ಕೂಟರ್: ಮೂವತ್ತು ಸಾವಿರದ ಕೇಸು, ಹದಿನೈದು ಲಕ್ಷದ ಕೇಸು

ಕೇರಳದ ಕಾಸರಗೋಡು ಜಿಲ್ಲೆಯಿಂದ ಹೊರಡುವ ಚೆರ್ಕಳ–ಕಲ್ಲಡ್ಕ ರಸ್ತೆ ಬದಿಯಡ್ಕ, ಪೆರ್ಲ ದಾಟಿ ಅಡ್ಕಸ್ಥಳದಲ್ಲಿ ಕರ್ನಾಟಕಕ್ಕೆ ಸೇರುತ್ತದೆ. ಬೆಳಿಗ್ಗೆ ಈ ರಸ್ತೆಯಲ್ಲಿ ಸೊಸೈಟಿಗೆ ಹಾಲು ಕೊಂಡುಹೋಗುವವರ ಓಡಾಟ, ಗಡಿಯಾಚೆಯಿಂದ ತೋಟದ ಕೆಲಸಕ್ಕೆ ಬರುವವರ ಓಡಾಟ. 2023ರ ಡಿಸೆಂಬರಿನ ಒಂದು ಬೆಳಿಗ್ಗೆ ಹೀಗೆ ಹಾಲು ಕೊಟ್ಟು ಬರಲು ಹೊರಟ ಸ್ಕೂಟರ್, ಕೆಲಸಕ್ಕೆ ಹೊರಟವರೊಬ್ಬರಿಗೆ ಗುದ್ದಿತು.

ಹೆಸರು, ಮನೆ ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಸ್ಕೂಟರ್ ಬಿಡುತ್ತಿದ್ದವನು ಅಪ್ರಾಪ್ತ. ಅವನ ಗುರುತು ಬಯಲು ಮಾಡುವುದನ್ನು 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ನಿಷೇಧಿಸುತ್ತದೆ. ಆ ಮನೆಗೆ ಬಂದ ಕಾಗದಗಳಲ್ಲಿ ಅರ್ಧ ಮಲಯಾಳದಲ್ಲಿದ್ದವು, ಅರ್ಧ ಕನ್ನಡದಲ್ಲಿ. ಎರಡೂ ಓದಲು ಬರುತ್ತದೆ ಅಂತ ನನ್ನನ್ನು ಕರೆದಿದ್ದರು. ಹಾಗಾಗಿ ಕಾಗದ ಹೇಳುವಷ್ಟನ್ನು ನಾನೂ ಹೇಳಬಲ್ಲೆ.

ಹುಡುಗ ಪ್ಲಸ್ ಟು ಓದುತ್ತಿದ್ದ. ವಯಸ್ಸು 17 ವರ್ಷ 4 ತಿಂಗಳು. ಸ್ಕೂಟರ್ 110 ಸಿಸಿಯದ್ದು, ಕೆಎಲ್ 14 ನಂಬರ್, ಆರ್‌ಸಿ ಅಮ್ಮನ ಹೆಸರಲ್ಲಿ. ಕಾಲಿಡುವ ಜಾಗದಲ್ಲಿ ಹಾಲಿನ ಕ್ಯಾನು. ತಲೆಗೆ ಹೆಲ್ಮೆಟ್ ಇಲ್ಲ. ಅಪ್ಪ ಬೆಂಗಳೂರಿನ ಹೋಟೆಲೊಂದರಲ್ಲಿ ಅಡುಗೆಯವರು, ತಿಂಗಳಿಗೊಮ್ಮೆ ಬರುತ್ತಾರೆ. ಅಮ್ಮನಿಗೆ ಮನೆಯಲ್ಲಿ ಹಟ್ಟಿ ಕೆಲಸ ಮುಗಿಯದೆ ಹೊರಡಲು ಆಗುವುದಿಲ್ಲ. ಮಗ ಹೋಗಿ ಹಾಲು ಕೊಟ್ಟು ಬರುವುದು ಎರಡು ವರ್ಷದಿಂದ ನಡೆದುಕೊಂಡು ಬಂದ ಕ್ರಮ. ಪೊಲೀಸರು ಒಮ್ಮೆಯೂ ಹಿಡಿದಿರಲಿಲ್ಲ.

ಒಂದು ತಿರುವಿನಲ್ಲಿ ಪಿಕಪ್ ಒಂದು ಗೊಬ್ಬರದ ಚೀಲ ಇಳಿಸಲು ಅರ್ಧ ರಸ್ತೆ ಹಿಡಿದು ನಿಂತಿತ್ತು. ಅದರ ಎದುರಿನಿಂದ ಒಬ್ಬರು ರಸ್ತೆ ದಾಟಲು ಹೊರಟರು. ಪಿಕಪ್ಪನ್ನು ಬಳಸಿ ಬಂದ ಸ್ಕೂಟರ್ ಅವರ ಬಲಗಾಲಿಗೆ ಗುದ್ದಿತು. ಮೊಣಕಾಲಿನ ಕೆಳಗಿನ ಎಲುಬು ಎರಡು ಕಡೆ ಮುರಿಯಿತು. ಹುಡುಗನಿಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ.

ಗಾಯಗೊಂಡವರಿಗೆ 43 ವರ್ಷ. ಬಂಟ್ವಾಳ ತಾಲೂಕಿನವರು. ಅಡಿಕೆ ಕೊಯ್ಯುವವರು. ಡಿಸೆಂಬರ್ ಅಂದರೆ ಅವರಿಗೆ ಪುರುಸೊತ್ತಿಲ್ಲದ ಕಾಲ. ಆಟೋದವರೊಬ್ಬರು ಅವರನ್ನು ಎತ್ತಿ ಪೆರ್ಲಕ್ಕೆ ಕರೆದೊಯ್ದರು. ಅಲ್ಲಿಂದ ಆಂಬುಲೆನ್ಸಿನಲ್ಲಿ ಮಂಗಳೂರಿಗೆ. ಆಟೋದವರು ಹೆಸರು ಕೊಡಲು ಹಿಂದೆಮುಂದೆ ನೋಡಿದರಂತೆ, ಸಾಕ್ಷಿ ಅಂತ ಎಳೆದಾಡುತ್ತಾರೇನೋ ಅಂತ. ಅಷ್ಟು ಹೆದರಬೇಕಾಗಿಲ್ಲ. ಮೋಟಾರು ವಾಹನ ಕಾಯ್ದೆಯ 134ಎ ಸೆಕ್ಷನ್ ಇರುವುದೇ ಅವರಂಥವರಿಗಾಗಿ. ಗಾಯಾಳುವಿಗೆ ನೆರವಾದವರು ಹೆಸರು ಹೇಳಲೇಬೇಕೆಂದಿಲ್ಲ, ಅವರ ಮೇಲೆ ಕೇಸೂ ಹಾಕುವಂತಿಲ್ಲ.

ಡ್ರೈವರ್ ಬದಲಾಯಿಸುವ ಸಲಹೆ

ಅವತ್ತು ಸಂಜೆಯೇ ಆ ಮನೆ ಜಗಲಿಯಲ್ಲಿ ಒಂದು ಸಭೆಯಾಯಿತು. ಹುಡುಗನ ಚಿಕ್ಕಪ್ಪ ಅಂದದ್ದು ಇಷ್ಟು: "ಅತ್ತಿಗೆ, ನೀವು ಹೆದರ್ಬೇಡಿ. ನನ್ನ ಹತ್ರ ಲೈಸೆನ್ಸ್ ಉಂಟು. ಬಿಟ್ಟದ್ದು ನಾನು ಅಂತ ಹೇಳುವ. ಇನ್ಶೂರೆನ್ಸ್ ಉಂಟಲ್ಲ, ಎಂತದೂ ಆಗುದಿಲ್ಲ."

ಗಡಿಭಾಗದಲ್ಲಿ ಮಾತ್ರ ಅಲ್ಲ, ಎಲ್ಲ ಕಡೆಯೂ ಮೊದಲು ಬರುವ ಸಲಹೆ ಇದು. ಒಳ್ಳೆಯ ಮನಸ್ಸಿನಿಂದಲೇ ಬರುತ್ತದೆ. ಆದರೆ ಇಲ್ಲಿ ಅದು ಒಂದು ವಾರವೂ ನಿಲ್ಲುತ್ತಿರಲಿಲ್ಲ. ಮಂಗಳೂರಿನ ಆಸ್ಪತ್ರೆಯಲ್ಲಿ ಗಾಯಾಳುವನ್ನು ಒಳಗೆ ತೆಗೆದುಕೊಳ್ಳುವಾಗಲೇ ಗಾಯ ಹೇಗಾಯಿತು ಅಂತ ಕೇಳಿ ಬರೆದುಕೊಳ್ಳುತ್ತಾರೆ. "ಸ್ಕೂಟರಿನಲ್ಲಿ ಬಂದ ಶಾಲೆ ಹುಡುಗ ಗುದ್ದಿದ" ಅಂತ ಅವರು ಹೇಳಿಯಾಗಿತ್ತು. ಗಾಯದ ಸರ್ಟಿಫಿಕೇಟಿನಲ್ಲೂ ಅದೇ ಬಂತು. ಪಿಕಪ್ಪಿನವರು ನೋಡಿದ್ದರು. ಇನ್ಶೂರೆನ್ಸ್ ಕಂಪನಿಗಳು ಇಂಥ ಕೇಸಿಗೆ ತಮ್ಮದೇ ತನಿಖೆಯವರನ್ನು ಕಳಿಸುತ್ತವೆ. ಅವರು ಮೊದಲು ವಿಚಾರಿಸುವುದೇ ಹಾಲಿನ ಸೊಸೈಟಿಯಲ್ಲಿ: ದಿನಾ ಹಾಲು ತರುವುದು ಯಾರು? ಚಿಕ್ಕಪ್ಪ ಸುಮ್ನೆ ಸುಳ್ಳು ಹೇಳಿಕೆಯ ಕೇಸಿನಲ್ಲಿ ಸಿಕ್ಕಿಬೀಳುತ್ತಿದ್ದರು, ಹುಡುಗನೂ ತಪ್ಪಿಸಿಕೊಳ್ಳುತ್ತಿರಲಿಲ್ಲ. ಪುಣ್ಯಕ್ಕೆ ಅಮ್ಮ ಒಪ್ಪಲಿಲ್ಲ.

ಎಫ್‌ಐಆರ್ ಆಗಲು ಮೂರು ದಿನ ಹಿಡಿಯಿತು. ಅಪಘಾತ ಕೇರಳದಲ್ಲಿ, ಗಾಯಾಳು ಮಂಗಳೂರಿನಲ್ಲಿ. ಆಸ್ಪತ್ರೆಯ ಮಾಹಿತಿ ಅಲ್ಲಿನ ಪೊಲೀಸರಿಂದ ಇಲ್ಲಿನ ಠಾಣೆಗೆ ಬರಬೇಕು, ಇಲ್ಲಿಂದ ಯಾರಾದರೂ ಹೋಗಿ ಹೇಳಿಕೆ ತೆಗೆದುಕೊಳ್ಳಬೇಕು. ಗಡಿಯ ಕೇಸುಗಳಲ್ಲಿ ಇದು ಮಾಮೂಲು. ತಡಕ್ಕೆ ಸರಿಯಾದ ಕಾರಣ ಇದ್ದರೆ ಮುಂದೆ ತೊಂದರೆಯಾಗುವುದಿಲ್ಲ, ಇಲ್ಲೂ ಆಗಲಿಲ್ಲ. ಹಾಕಿದ್ದು ಐಪಿಸಿ 279 (ಅಜಾಗರೂಕ ಚಾಲನೆ) ಮತ್ತು 338 (ಅಜಾಗರೂಕತೆಯಿಂದ ಗಂಭೀರ ಗಾಯ). 2024ರ ಜುಲೈ 1ರ ನಂತರ ನಡೆದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 281 ಮತ್ತು 125(ಬಿ) ಆಗುತ್ತಿತ್ತು.

ವಾಹನದ ಮಾಲೀಕರು, ಬಿಟ್ಟದ್ದು ಯಾರು ಅಂತ ಪೊಲೀಸರು ಕೇಳಿದರೆ ಹೇಳಲೇಬೇಕು. ಇದು ಮೋಟಾರು ವಾಹನ ಕಾಯ್ದೆಯ 133ನೇ ಸೆಕ್ಷನ್. ಅಮ್ಮ ಠಾಣೆಗೆ ಹೋಗಿ ಹೇಳಿದರು. ಅವರು ಪುತ್ತೂರಿನ ಕಡೆಯವರು, ಮದುವೆಯಾಗಿ ಇಲ್ಲಿಗೆ ಬಂದವರು. ಮಲಯಾಳ ಮಾತು ಅರ್ಥವಾಗುತ್ತದೆ, ಅಕ್ಷರ ಬರುವುದಿಲ್ಲ. ಹೇಳಿಕೆ ಬರೆದದ್ದು ಮಲಯಾಳದಲ್ಲಿ. ಓದಿ ಹೇಳಿದರು, ಇವರು ಕನ್ನಡದಲ್ಲಿ ಸಹಿ ಹಾಕಿದರು. ಆ ಕಾಗದದ ಮೂರನೇ ಸಾಲಿನಲ್ಲಿ ಹೀಗಿದೆ: ಹಾಲು ಕೊಟ್ಟು ಬಾ ಅಂತ ದಿನಾ ನಾನೇ ಮಗನನ್ನು ಸ್ಕೂಟರಿನಲ್ಲಿ ಕಳಿಸುತ್ತೇನೆ. ಸತ್ಯವನ್ನೇ ಹೇಳಿದ್ದರು. ಆ ಸಾಲಿನಿಂದ ಕಾನೂನಿನ ಮುಂದೆ ಏನಾಗುತ್ತದೆ ಅಂತ ಮಾತ್ರ ಅವರಿಗೆ ಗೊತ್ತಿರಲಿಲ್ಲ.

ಮೊದಲನೇ ಕೇಸು

ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ 199ಎ ಅನ್ನುವ ಸೆಕ್ಷನ್ ಸೇರಿತು. ಆ ವರ್ಷದ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ಅಪ್ರಾಪ್ತ ಈ ಕಾಯ್ದೆಯಡಿ ತಪ್ಪು ಮಾಡಿದರೆ ಪೋಷಕರು ಅಥವಾ ವಾಹನದ ಮಾಲೀಕರೇ ತಪ್ಪಿತಸ್ಥರು. ಮೂರು ವರ್ಷದವರೆಗೆ ಜೈಲು, ಜೊತೆಗೆ 25,000 ರೂಪಾಯಿ ದಂಡ. ವಾಹನದ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ, ಲರ್ನರ್ಸ್ ಕೂಡ ಇಲ್ಲ.

ತಪ್ಪಿಸಿಕೊಳ್ಳಲು ಒಂದು ದಾರಿ ಇಟ್ಟಿದ್ದಾರೆ. ನನಗೆ ಗೊತ್ತಿಲ್ಲದೆ ಆಯಿತು, ಅಥವಾ ತಡೆಯಲು ಮಾಡಬೇಕಾದ್ದನ್ನೆಲ್ಲ ಮಾಡಿದ್ದೆ ಅಂತ ಸಾಬೀತು ಮಾಡಿದರೆ ಹೊಣೆ ಇಲ್ಲ. ಆದರೆ ಸಾಬೀತು ಮಾಡಬೇಕಾದ್ದು ಮಾಲೀಕರು. ಒಪ್ಪಿಗೆ ಇತ್ತು ಅಂತಲೇ ಕೋರ್ಟು ಅಂದುಕೊಂಡು ಹೊರಡುತ್ತದೆ. ಇಲ್ಲಿ ಆ ಮೂರನೇ ಸಾಲು ಇದ್ದದ್ದರಿಂದ ಈ ದಾರಿ ಮೊದಲೇ ಮುಚ್ಚಿತ್ತು.

"ಹದಿನಾರಕ್ಕೇ ಲೈಸೆನ್ಸ್ ಸಿಗ್ತದಲ್ವಾ?" ಅಂತ ಊರಲ್ಲಿ ತುಂಬ ಜನ ಕೇಳಿದರು. ಅರ್ಧ ಸರಿ. 4ನೇ ಸೆಕ್ಷನಿನಲ್ಲಿ 16ಕ್ಕೆ ಅನುಮತಿ ಇರುವುದು 50 ಸಿಸಿ ಮೀರದ ಗಾಡಿಗೆ. ಈಗ ಶೋರೂಮಿಗೆ ಹೋದರೆ ಕಾಣುವ ಪೆಟ್ರೋಲ್ ಸ್ಕೂಟರುಗಳೆಲ್ಲ ಅದಕ್ಕಿಂತ ದೊಡ್ಡವು. 250 ವಾಟ್ ಒಳಗಿನ, ಗಂಟೆಗೆ 25 ಕಿಲೋಮೀಟರ್ ಮೀರದ ಎಲೆಕ್ಟ್ರಿಕ್ ಗಾಡಿಗೆ ಲೈಸೆನ್ಸ್ ಬೇಡ ನಿಜ. ಹಾಲಿನ ಕ್ಯಾನು ಇಟ್ಟುಕೊಂಡು ನಮ್ಮ ಗುಡ್ಡ ಹತ್ತುವಾಗ ಅದು ಎಲ್ಲಿ ನಿಲ್ಲುತ್ತದೋ, ಅದು ಬೇರೆ ಮಾತು.

ಹುಡುಗನ ಮೇಲಿನ ಆರೋಪ ಬಾಲನ್ಯಾಯ ಮಂಡಳಿಗೆ ಹೋಯಿತು. ಮೂರು ವರ್ಷ ಮೀರದ ಶಿಕ್ಷೆಯ ತಪ್ಪಾದ್ದರಿಂದ ಅದನ್ನು ಸಣ್ಣ ಅಪರಾಧ ಅಂತಲೇ ನೋಡುತ್ತಾರೆ. ಬುದ್ಧಿ ಹೇಳಿ, ಕೌನ್ಸೆಲಿಂಗ್ ಕೊಟ್ಟು, ಸ್ವಲ್ಪ ದಿನ ಸಮುದಾಯ ಸೇವೆ ಮಾಡಿಸಿ ಬಿಟ್ಟರು.

ಅಮ್ಮನ ಕೇಸು ಕಾಸರಗೋಡಿನ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ನಡೆಯಿತು. ವಕೀಲರು ತಪ್ಪೊಪ್ಪಿಕೊಳ್ಳಿ ಅಂದರು. ಒಪ್ಪಿಕೊಂಡರು. ಕೋರ್ಟು ಏಳುವವರೆಗೆ ಅಲ್ಲೇ ಕೂತಿರುವ ಶಿಕ್ಷೆ, 199ಎಗೆ 25,000, ಲೈಸೆನ್ಸ್ ಇಲ್ಲದವನಿಗೆ ಗಾಡಿ ಕೊಟ್ಟದ್ದಕ್ಕೆ 180ನೇ ಸೆಕ್ಷನಿನಲ್ಲಿ 5,000. ಒಟ್ಟು ಮೂವತ್ತು ಸಾವಿರ. ಒಂದು ಕರುವನ್ನು ಕೊಟ್ಟು, ಉಳಿದದ್ದು ಗಂಡ ಕಳಿಸಿದ ದುಡ್ಡಲ್ಲಿ ಕಟ್ಟಿದರು. ಸಂಜೆ ವಿದ್ಯಾನಗರದಿಂದ ಬಸ್ಸು ಹತ್ತುವಾಗ "ಅಂತೂ ಮುಗೀತು" ಅಂದರಂತೆ.

ಊರಲ್ಲೂ ಎಲ್ಲರೂ ಹಾಗೆಯೇ ತಿಳಿದರು. ಪತ್ರಿಕೆಯಲ್ಲಿ ಬರುವುದೂ ಇಷ್ಟೇ ಅಲ್ವಾ: ಮಗನಿಗೆ ಸ್ಕೂಟರ್ ಕೊಟ್ಟ ತಾಯಿಗೆ ದಂಡ. ಶಾಲೆಯ ಜಾಗೃತಿ ಸಭೆಯಲ್ಲಿ ಹೇಳುವುದೂ 25,000ದ ಲೆಕ್ಕವನ್ನೇ. ನನ್ನ ತಕರಾರು ಇರುವುದು ಇಲ್ಲಿ. ಆ ಇಪ್ಪತ್ತೈದು ಸಾವಿರವನ್ನು ಅಷ್ಟು ದೊಡ್ಡದಾಗಿ ಹೇಳಿ ಹೇಳಿ, ಅದರ ಹಿಂದೆ ಬರುವ ದೊಡ್ಡ ಲೆಕ್ಕವನ್ನು ಯಾರೂ ಹೇಳುವುದಿಲ್ಲ. ಪೊಲೀಸ್ ಹಿಡಿದರೆ ಕಟ್ಟುವ ದುಡ್ಡು ಅದು. ಯಾರಿಗಾದರೂ ಗುದ್ದಿದರೆ ಕಟ್ಟುವ ದುಡ್ಡು ಬೇರೆ.

ಎರಡನೇ ಕೇಸು

2024ರ ಏಪ್ರಿಲಿನಲ್ಲಿ ಗಾಯಾಳು ಪರಿಹಾರಕ್ಕೆ ಅರ್ಜಿ ಹಾಕಿದರು. ಕಾಸರಗೋಡಿನಲ್ಲಿ ಅಲ್ಲ, ಮಂಗಳೂರಿನಲ್ಲಿ. "ಆಕ್ಸಿಡೆಂಟ್ ಇಲ್ಲಿ ಆದದ್ದು, ಕೇಸು ಅಲ್ಲಿ ಹೇಗೆ?" ಅಂತ ಚಿಕ್ಕಪ್ಪ ಕೇಳಿದರು. 166ನೇ ಸೆಕ್ಷನ್ ಪ್ರಕಾರ ಅಪಘಾತ ನಡೆದ ಕಡೆ, ಅರ್ಜಿದಾರ ವಾಸವಿರುವ ಕಡೆ, ಎದುರಿನವರು ವಾಸವಿರುವ ಕಡೆ, ಈ ಮೂರರಲ್ಲಿ ಯಾವ ಅಪಘಾತ ಪರಿಹಾರ ನ್ಯಾಯಮಂಡಳಿಗಾದರೂ ಹೋಗಬಹುದು. ಆಯ್ಕೆ ಅರ್ಜಿದಾರರದ್ದು. ಮುರಿದ ಕಾಲು ಎಳೆದುಕೊಂಡು ಕಾಸರಗೋಡಿಗೆ ಅಲೆಯುವುದಕ್ಕಿಂತ, ಚಿಕಿತ್ಸೆ ಕೊಟ್ಟ ಡಾಕ್ಟರೂ ಇರುವ ಮಂಗಳೂರೇ ಅವರಿಗೆ ಅನುಕೂಲ. ಸಾಕ್ಷಿ ಕನ್ನಡದಲ್ಲೇ ಹೇಳಬಹುದು. ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂಬ ನಿಯಮ 2022ರ ಏಪ್ರಿಲ್ 1ರಿಂದ ಮತ್ತೆ ಬಂದಿದೆ. ಅವರು ಅದರೊಳಗೇ ಹಾಕಿದ್ದರು.

ನೋಟೀಸ್ ಬಂದದ್ದು ಕನ್ನಡದಲ್ಲಿ. ಒಂದನೇ ಎದುರುದಾರರು ಅಮ್ಮ, ಎರಡನೆಯದು ಇನ್ಶೂರೆನ್ಸ್ ಕಂಪನಿ. ಮಲಯಾಳದ ಕಾಗದವನ್ನೆಲ್ಲ ಹೆದರಿ ಹೆದರಿ ನನಗೆ ತೋರಿಸಿದವರು, ಓದಲು ಬರುವ ಈ ಕಾಗದವನ್ನು ತೋರಿಸಲೇ ಇಲ್ಲ. ಪಾಲಿಸಿ ಚಾಲ್ತಿಯಲ್ಲಿತ್ತು. ಥರ್ಡ್ ಪಾರ್ಟಿಗೆ ವರ್ಷಕ್ಕೆ 714 ರೂಪಾಯಿಯಂತೆ ಕಟ್ಟಿದ್ದರು. ಕಂಪನಿ ಇದೆಯಲ್ಲ, ಅವರೇ ನೋಡಿಕೊಳ್ಳುತ್ತಾರೆ ಅಂತ ನೋಟೀಸನ್ನು ಆರ್‌ಸಿ ಜೊತೆ ಕಪಾಟಿನಲ್ಲಿಟ್ಟರು. ಹೇಳಿದ ದಿನ ಹೋಗಲಿಲ್ಲ. ಗೈರುಹಾಜರಿ ಅಂತ ಬರೆದು ನ್ಯಾಯಮಂಡಳಿ ಮುಂದುವರಿಯಿತು.

ಈ ಕೇಸಿನಲ್ಲಿ ಕೈಮೀರಿದ್ದು ಆ ದಿನ ಅಂತ ನನ್ನ ಅಭಿಪ್ರಾಯ. ಯಾಕೆ ಅಂದರೆ ಅಲ್ಲಿ ಕಂಪನಿ ಅಮ್ಮನ ಪರವಾಗಿ ನಿಂತಿರಲಿಲ್ಲ. ಕಂಪನಿಯ ಉತ್ತರ ಹೀಗಿತ್ತು: ಪಾಲಿಸಿ ನಮ್ಮದೇ, ಆದರೆ ಗಾಡಿ ಬಿಟ್ಟವನಿಗೆ ಲೈಸೆನ್ಸ್ ಇಲ್ಲ, ಲೈಸೆನ್ಸ್ ಪಡೆಯುವ ವಯಸ್ಸೂ ಇಲ್ಲ. ಷರತ್ತು ಮುರಿದದ್ದು ಮಾಲೀಕರು, ನಮಗೆ ಹೊಣೆ ಇಲ್ಲ. ಕಾಯ್ದೆಯ 150ನೇ ಸೆಕ್ಷನಿನಲ್ಲಿ ಕಂಪನಿಗೆ ಈ ವಾದ ಮಾಡಲು ಅವಕಾಶ ಇದೆ. ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡ ಆದೇಶದ ನಕಲನ್ನು ಕಂಪನಿಯೇ ತರಿಸಿ ಹಾಜರುಪಡಿಸಿತು. ಮೂವತ್ತು ಸಾವಿರ ಕೊಟ್ಟು ಮುಗಿಸಿದ ಕೇಸು ಇಲ್ಲಿ ಕಂಪನಿಯ ಸಾಕ್ಷಿಯಾಯಿತು.

ಲೈಸೆನ್ಸ್ ಇಲ್ಲ ಅಂದಮಾತ್ರಕ್ಕೆ ಕಂಪನಿ ಪಾರಾಗುವುದಿಲ್ಲ, ಮಾಲೀಕರು ಗೊತ್ತಿದ್ದೂ ಷರತ್ತು ಮುರಿದರೆಂದು ತೋರಿಸಬೇಕು ಅಂತ ಸುಪ್ರೀಂ ಕೋರ್ಟು 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಹಾಗೆ ತೋರಿಸಿದರೂ ಗಾಯಾಳುವನ್ನು ಬೀದಿಯಲ್ಲಿ ಬಿಡುವುದು ಬೇಡ, ಕಂಪನಿ ಮೊದಲು ಕೊಡಲಿ, ಆಮೇಲೆ ಮಾಲೀಕರಿಂದ ವಸೂಲು ಮಾಡಲಿ ಅನ್ನುವ ಪದ್ಧತಿ ಬೆಳೆದಿದೆ. 2011ರ ಜವಾಹರ್ ಸಿಂಗ್ ವಿರುದ್ಧ ಬಾಲಾ ಜೈನ್ ಪ್ರಕರಣ ಇದಕ್ಕೆ ಇನ್ನೂ ಹತ್ತಿರ. ಅಲ್ಲೂ ಬೈಕ್ ಬಿಟ್ಟದ್ದು ಅಪ್ರಾಪ್ತ ಹುಡುಗ. ನನ್ನನ್ನು ಕೇಳದೆ ಕೀ ತೆಗೆದುಕೊಂಡು ಹೋದ ಅಂತ ಮಾಲೀಕರು ಹೇಳಿದರು. ಗಾಡಿ ದುರುಪಯೋಗ ಆಗದಂತೆ ನೋಡಿಕೊಳ್ಳುವ ಹೊಣೆ ನಿಮ್ಮದೇ ಅಂತ ಕೋರ್ಟು ಅದನ್ನು ಒಪ್ಪಲಿಲ್ಲ. ಕೀ ಗೋಡೆಯ ಮೊಳೆಯಲ್ಲಿ ನೇತಾಡುವ ಮನೆಗಳೇ ನಮ್ಮಲ್ಲಿ ಜಾಸ್ತಿ. ಅವರೆಲ್ಲ ಓದಬೇಕಾದ ತೀರ್ಪು ಇದು.

ಕಾಲಿನ ಲೆಕ್ಕ

ಪರಿಹಾರದ ಮೊತ್ತ ಹೇಗೆ ಅಷ್ಟಾಯಿತು ಅಂತ ಹೇಳಬೇಕು. ಊರವರಿಗೆ ಅರ್ಥವಾಗದೆ ಉಳಿದದ್ದು ಅದೇ. "ಸಾಯಲಿಲ್ಲವಲ್ಲ, ಕಾಲು ಮುರಿದದ್ದಕ್ಕೆ ಅಷ್ಟಾ?" ಅಂತ ಕೇಳಿದವರಿದ್ದಾರೆ.

ಡಾಕ್ಟರ ಸರ್ಟಿಫಿಕೇಟಿನಲ್ಲಿ ಆ ಕಾಲಿಗೆ 36 ಶೇಕಡಾ ಅಂಗವೈಕಲ್ಯ ಅಂತಿತ್ತು. ಕಾಲಿನದ್ದರ ಮೂರನೇ ಒಂದು ಪಾಲನ್ನು ಇಡೀ ದೇಹಕ್ಕೆ ಹಿಡಿಯಿರಿ, ಅಂದರೆ 12 ಶೇಕಡಾ ಅಂತ ಕಂಪನಿ ವಾದಿಸಿತು. ಮಂಗಳೂರು ಕಡೆಯ ಕೇಸುಗಳಲ್ಲಿ ಸಾಮಾನ್ಯವಾಗಿ ಕೇಳುವ ವಾದ ಇದು. ಗಾಯಾಳುವಿನ ವಕೀಲರು ಬೇರೆ ಪ್ರಶ್ನೆ ಎತ್ತಿದರು. ಈ ಕಾಲಿನಿಂದ ಇವರು ಮಾಡುತ್ತಿದ್ದ ಕೆಲಸ ಏನು?

ಅಡಿಕೆ ಮರ ಹತ್ತುವವರನ್ನು ನೋಡಿದವರಿಗೆ ಉತ್ತರ ಗೊತ್ತು. ಎರಡು ಪಾದಕ್ಕೂ ಸೇರಿಸಿ ಹಗ್ಗದ ಕುಣಿಕೆ ಸಿಕ್ಕಿಸಿ, ಪಾದಗಳನ್ನು ಮರಕ್ಕೆ ಒತ್ತಿ, ಮೊಣಕಾಲು ಮಡಚಿ ಮೇಲೆ ಚಿಮ್ಮಬೇಕು. ಮೇಲೆ ಹೋದ ಮೇಲೆ ಕೆಳಗಿಳಿಯದೆ ಮರವನ್ನೇ ತೂಗಿ ಪಕ್ಕದ ಮರ ಹಿಡಿಯುವವರೂ ಇದ್ದಾರೆ. ಇವರ ಪಾದದ ಕೀಲು ಈಗ ಪೂರ್ತಿ ಮಡಚುವುದಿಲ್ಲ. ನೆಲದ ಮೇಲೆ ಸ್ವಲ್ಪ ಕುಂಟುತ್ತಾ ನಡೆಯುತ್ತಾರೆ, ಅಡಿಕೆ ಸುಲಿಯಬಲ್ಲರು, ಮರ ಮಾತ್ರ ಹತ್ತಲಾರರು. ಕಾಗದದ ಶೇಕಡಾ ನೋಡಬೇಡಿ, ಆ ಗಾಯದಿಂದ ಆ ಮನುಷ್ಯನ ದುಡಿಮೆ ಎಷ್ಟು ಹೋಯಿತು ನೋಡಿ ಅಂತ 2010ರ ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ನ್ಯಾಯಮಂಡಳಿ 30 ಶೇಕಡಾ ಹಿಡಿಯಿತು.

ಸಂಬಳದ ಚೀಟಿ ಇಲ್ಲದ ಕೆಲಸ, ಹಾಗಾಗಿ ತಿಂಗಳಿಗೆ 15,000 ಅಂತ ಅಂದಾಜು ಮಾಡಿದರು. ಸ್ವಂತ ದುಡಿಮೆಯ, 40ರಿಂದ 50 ವಯಸ್ಸಿನವರಿಗೆ ಮುಂದಿನ ಏರಿಕೆ ಅಂತ 25 ಶೇಕಡಾ ಸೇರಿಸಬೇಕೆಂದು 2017ರ ಪ್ರಣಯ್ ಸೇಥಿ ತೀರ್ಪು ಹೇಳುತ್ತದೆ. ಅಲ್ಲಿಗೆ 18,750. ವರ್ಷಕ್ಕೆ 2,25,000. ಅವರ ವಯಸ್ಸಿಗೆ 2009ರ ಸರಳಾ ವರ್ಮಾ ತೀರ್ಪಿನ ಪಟ್ಟಿಯಲ್ಲಿ ಗುಣಕ 14. ಗುಣಿಸಿದರೆ 31,50,000. ಅದರ 30 ಶೇಕಡಾ 9,45,000. 12 ಶೇಕಡಾ ಹಿಡಿದಿದ್ದರೆ 3,78,000 ಆಗುತ್ತಿತ್ತು. ಇದರ ಮೇಲೆ ಆಸ್ಪತ್ರೆ ಬಿಲ್ಲು 2,10,000, ಆರು ತಿಂಗಳು ಕೆಲಸವಿಲ್ಲದ್ದಕ್ಕೆ 90,000, ನೋವಿಗೆ 75,000, ಬದುಕಿನ ಸುಖ ಹೋದದ್ದಕ್ಕೆ 50,000, ನೋಡಿಕೊಂಡವರ ಖರ್ಚು, ಓಡಾಟ ಎಲ್ಲ ಸೇರಿ 40,000. ಒಟ್ಟು 14,10,000. ಅರ್ಜಿ ಹಾಕಿದ ದಿನದಿಂದ 6 ಶೇಕಡಾ ಬಡ್ಡಿ. 2025ರ ಅಕ್ಟೋಬರಿನಲ್ಲಿ ಆದೇಶವಾಗುವಾಗ ಹದಿನೈದು ಲಕ್ಷ ದಾಟಿತ್ತು.

ಗಾಯಾಳುವಿಗೆ ಸಿಕ್ಕಿದ್ದು ಜಾಸ್ತಿ ಅಂತ ನನಗೆ ಅನ್ನಿಸುವುದಿಲ್ಲ. ಇನ್ನು ಹದಿನೈದು ವರ್ಷವಾದರೂ ಮರ ಹತ್ತಿ ದುಡಿಯಬಹುದಾಗಿದ್ದ ಮನುಷ್ಯ. ಕಂಪನಿ ದುಡ್ಡನ್ನು ಠೇವಣಿ ಇಟ್ಟಿತು, ಅವರಿಗೆ ಸಿಕ್ಕಿತು. ಆಮೇಲೆ ಕಂಪನಿ ಅಮ್ಮನ ಕಡೆ ತಿರುಗಿತು. ವಸೂಲಿಗೆ ಬೇರೆ ದಾವೆ ಹಾಕಬೇಕಾಗಿಲ್ಲ, ಅದೇ ನ್ಯಾಯಮಂಡಳಿಯಲ್ಲಿ ಜಾರಿ ಅರ್ಜಿ ಹಾಕಿದರೆ ಸಾಕು. ಗಡಿಯಾಚೆ ಇದ್ದೇವೆ ಅಂತ ಸಮಾಧಾನ ಮಾಡಿಕೊಳ್ಳುವ ಹಾಗೂ ಇಲ್ಲ. ಒಂದು ರಾಜ್ಯದ ಆದೇಶವನ್ನು ಇನ್ನೊಂದು ರಾಜ್ಯದಲ್ಲಿ ಜಾರಿ ಮಾಡಿಸಲು ಕಾನೂನಿನಲ್ಲಿ ದಾರಿ ಇದ್ದೇ ಇದೆ. ಅಮ್ಮನ ಹೆಸರಲ್ಲಿ ಇರುವುದು ಮನೆ ಮತ್ತು ಮೂವತ್ತೈದು ಸೆಂಟ್ಸ್ ಜಾಗ.

ಈಗ ಎಲ್ಲಿದೆ

ಜಾರಿ ಅರ್ಜಿಯ ನೋಟೀಸ್ ಬಂದ ಮೇಲೆ ಅವರು ಮತ್ತೆ ನನ್ನಲ್ಲಿಗೆ ಬಂದರು, ಈ ಸಲ ಗಂಡನೂ ಇದ್ದರು. ಮಂಗಳೂರಿನ ವಕೀಲರು ಎರಡು ದಾರಿ ಹೇಳಿದರು. ಗೈರುಹಾಜರಿಯ ಆದೇಶ ತೆಗೆಸಿ ಕೇಸನ್ನು ಮತ್ತೆ ನಡೆಸುವುದು ಒಂದು. ಅದಕ್ಕೆ ಬಾರದೆ ಇದ್ದದ್ದಕ್ಕೆ ಗಟ್ಟಿ ಕಾರಣ ಬೇಕು. ಕಂಪನಿ ನೋಡಿಕೊಳ್ಳುತ್ತದೆ ಅಂದುಕೊಂಡಿದ್ದೆ ಅನ್ನುವುದು ಗಟ್ಟಿ ಕಾರಣವಲ್ಲ. ಇನ್ನೊಂದು, 173ನೇ ಸೆಕ್ಷನಿನಲ್ಲಿ 90 ದಿನದೊಳಗೆ ಬೆಂಗಳೂರಿನ ಹೈಕೋರ್ಟಿಗೆ ಮೇಲ್ಮನವಿ. ಅದಕ್ಕೆ 25,000 ಅಥವಾ ಆದೇಶದ ಅರ್ಧ, ಯಾವುದು ಕಡಿಮೆಯೋ ಅಷ್ಟು ಠೇವಣಿ ಇಡಬೇಕು. ಎರಡನೆಯದನ್ನು ಹಿಡಿದರು.

ಸ್ಕೂಟರಿನ ನೋಂದಣಿ ರದ್ದಾದ ಹನ್ನೆರಡು ತಿಂಗಳು ಮುಗಿದಿದೆ. ರಿಪೇರಿ ಮಾಡಿಸಿಲ್ಲ. ಲೈಸೆನ್ಸ್ ಇಲ್ಲದವನು ಬಿಟ್ಟದ್ದಾದ್ದರಿಂದ ಅದರ ಖರ್ಚೂ ಇನ್ಶೂರೆನ್ಸಿನಿಂದ ಬಾರದು. ಹುಡುಗ ಈಗ ಮಂಗಳೂರಿನಲ್ಲಿ ಡಿಪ್ಲೊಮಾ ಓದುತ್ತಿದ್ದಾನೆ. 25ರವರೆಗೆ ಲೈಸೆನ್ಸ್ ಇಲ್ಲ ಅನ್ನುವುದು ಅವನಿಗೆ ಕೆಲಸ ಹುಡುಕುವಾಗ ತಾಗಬಹುದು. ಇದರಲ್ಲಿ ನನಗೊಂದು ಸಂಶಯ ಇದೆ. ಬಾಲನ್ಯಾಯ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ತಪ್ಪು ಮಾಡಿದ ಮಗುವಿಗೆ ಆ ತೀರ್ಮಾನದಿಂದ ಮುಂದೆ ಯಾವ ಅನರ್ಹತೆಯೂ ಅಂಟಬಾರದು. 199ಎ ಬದಿಗಿಡುವುದು ತನ್ನದೇ ಕಾಯ್ದೆಯ 4 ಮತ್ತು 7ನೇ ಸೆಕ್ಷನನ್ನು ಮಾತ್ರ, ಬಾಲನ್ಯಾಯ ಕಾಯ್ದೆಯನ್ನಲ್ಲ. ಈ ಎರಡರಲ್ಲಿ ಯಾವುದು ಮೇಲೆ ಅಂತ ವಾದ ಮಾಡಲು ಜಾಗ ಇದೆ. ಮಂಡಳಿಯ ಆದೇಶದ ನಕಲು ಜೋಪಾನವಾಗಿಡಿ ಅಂತ ಹೇಳಿದ್ದೇನೆ.

ಮೇಲ್ಮನವಿಯಲ್ಲಿ ವಸೂಲಿಯ ಹಕ್ಕನ್ನು ತೆಗೆಸುವುದು ಕಷ್ಟ, ಆ ಮೂರನೇ ಸಾಲು ಅಡ್ಡ ಇದೆ. ಮೊತ್ತ ಇಳಿಸಲು ಮಾತ್ರ ದಾರಿ ಕಾಣುತ್ತದೆ. ಸ್ಥಳದ ಮಹಜರಿನ ನಕ್ಷೆಯಲ್ಲಿ ಪಿಕಪ್ ನಿಂತ ಜಾಗ ಸ್ಪಷ್ಟವಾಗಿದೆ. ಗಾಯಾಳು ಅದರ ಮರೆಯಿಂದ ರಸ್ತೆಗೆ ಬಂದರು, ಅವರ ಅಜಾಗರೂಕತೆಯೂ ಸ್ವಲ್ಪ ಇದೆ ಅಂತ ವಾದಿಸಬಹುದು. ಹೈಕೋರ್ಟು ಅವರ ಪಾಲನ್ನು 20 ಶೇಕಡಾ ಅಂತ ಒಪ್ಪಿದರೂ 2,82,000 ಕಮ್ಮಿಯಾಗುತ್ತದೆ. ಮಂಗಳೂರಿನಲ್ಲಿ ಅದನ್ನು ಎತ್ತಿ ಹೇಳಲು ಒಂದನೇ ಎದುರುದಾರರ ಕುರ್ಚಿಯಲ್ಲಿ ಯಾರೂ ಇರಲಿಲ್ಲ. ಒಂದೇ ಅನುಕೂಲ ಅಂದರೆ, ಆ ನಕ್ಷೆಯನ್ನು ಹೊಸದಾಗಿ ಸಾಕ್ಷಿಯಾಗಿ ಸೇರಿಸಬೇಕಾಗಿಲ್ಲ. ಎಫ್‌ಐಆರ್ ಜೊತೆ ಗಾಯಾಳುವಿನ ವಕೀಲರೇ ಅದನ್ನು ಹಾಜರುಪಡಿಸಿದ್ದರು, ಪಿ-3 ಅಂತ ಗುರುತು ಬಿದ್ದಿದೆ. ಬರಹ ಮಲಯಾಳದಲ್ಲಿದೆ, ಅನುವಾದ ಮಾಡಿಸಲು ಕೊಟ್ಟಿದ್ದಾರೆ.